ಸರ್ವಶಕ್ತತ್ವವೂ ಅನಂತವೀರ್ಯವೂ: ಆದಿಪುರಾಣದ ಒಂದು ಯುಕ್ತಿಯ ವಿಚಾರ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ತೆರೆದುದು 1880ರಲ್ಲಿ. ಅದರ ಹಿಂದಿನ ವರ್ಷವೇ ಪೋಪ್ 13ನೆಯ ಲಿಯೋ ಅವರು ಥಾಮಸ್ ಅಕ್ವಿನಾಸನ ದರ್ಶನವನ್ನು ಕ್ರೈಸ್ತ ವಿದ್ಯಾಲಯಗಳಲ್ಲಿ ಬೋಧಿಸಬೇಕೆಂದು ವಿಧಿಸಿದ್ದರು. ದೇವನು ಸರ್ವಶಕ್ತನೆಂಬುದಕ್ಕೆ ಆ ದರ್ಶನವೂ ಒಂದು ಮೇರೆಯನ್ನು ಒಪ್ಪುತ್ತದೆ: ಸ್ವವಿರುದ್ಧವಾದುದು ಶಕ್ತಿಗೆ ವಿಷಯವೇ ಅಲ್ಲ, ನಡೆದುಹೋದುದನ್ನು ನಡೆಯದಂತೆ ಮಾಡುವುದು ದೇವನಿಗೂ ಸಲ್ಲದು. ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಮೂಡಬಿದಿರೆಯ ಶಾಸ್ತ್ರಭಂಡಾರ ಕಾಪಾಡಿಕೊಂಡು ಬಂದ ಪರಂಪರೆಯಲ್ಲಿಯೂ ಈ ಪ್ರಶ್ನೆ ಉಂಟು. ಆದರೆ ನಮ್ಮ ಆಚಾರ್ಯರು ಕೇಳಿದುದು ಬೇರೆ ತುದಿಯಿಂದ.

ಭಗವಜ್ಜಿನಸೇನಾಚಾರ್ಯರು ಶಕ 759ರಲ್ಲಿ (ಕ್ರಿ.ಶ. 837) ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿದವರು. ಅವರ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತೃತ್ವದ ನಿರಾಕರಣವಿದೆ. ಸೃಷ್ಟಿಗೆ ಮುಂಚೆ ಕರ್ತೃವು ಎಲ್ಲಿದ್ದನು, ಉಪಾದಾನವು ಎಲ್ಲಿಂದ ಬಂತು, ಕೃತಾರ್ಥನಾದವನಿಗೆ ಸೃಜಿಸುವ ಇಚ್ಛೆ ಏಕೆ ಎಂಬ ವಿಕಲ್ಪಗಳು ಪಂಡಿತರಿಗೆ ತಿಳಿದವೇ. ಪ್ರಸ್ತುತಕ್ಕೆ ಮುಖ್ಯವಾದುದು ಕರ್ಮಾಪೇಕ್ಷೆಯ ಯುಕ್ತಿ. ಜೀವರ ಕರ್ಮವನ್ನು ಅನುಸರಿಸಿಯೇ ಈಶ್ವರನು ಶರೀರಾದಿಗಳನ್ನು ರಚಿಸುವನೆಂದರೆ ಅವನು ನೇಯ್ಗೆಯವನಂತೆ ಪರತಂತ್ರನಾಗುತ್ತಾನೆ; ಪರತಂತ್ರನು ಈಶ್ವರನೆನಿಸನು. ಕರ್ಮವನ್ನು ಲೆಕ್ಕಿಸದೆ ಕರುಣೆಯಿಂದಲೇ ರಚಿಸುವನೆಂದರೆ ಲೋಕದಲ್ಲಿ ದುಃಖವೇ ಇರಬಾರದಿತ್ತು. ನೇಯ್ಗೆಯವನು ಮಗ್ಗವಿಲ್ಲದೆ ನೇಯಲಾರನು, ನೂಲಿಲ್ಲದೆಯೂ ನೇಯಲಾರನು. ದೃಷ್ಟಾಂತವು ಸರಳವಾದುದು, ಆದರೆ ಎದುರಾಳಿಯ ಮರ್ಮಕ್ಕೇ ತಗಲುವುದು. ಏಕೆಂದರೆ ಪರಮಾಣುಗಳನ್ನೂ ಆತ್ಮಗಳನ್ನೂ ನಿತ್ಯವೆಂದು ಒಪ್ಪಿ, ಈಶ್ವರನನ್ನು ನಿಮಿತ್ತಕಾರಣವೆಂದೂ ಅದೃಷ್ಟವನ್ನು ಸಹಕಾರಿಯೆಂದೂ ಹೇಳಿದವರು ನ್ಯಾಯವೈಶೇಷಿಕರೇ. ವಿದ್ಯಾನಂದಸ್ವಾಮಿಗಳು ಆಪ್ತಪರೀಕ್ಷೆಯಲ್ಲಿ ಅವರ ಈಶ್ವರನು ಶರೀರಿಯೋ ಅಶರೀರಿಯೋ ಎಂದು ಕೇಳಿ ಇದೇ ಎಳೆಯನ್ನು ಬಹುದೂರ ಒಯ್ದಿದ್ದಾರೆ.

ಈ ಯುಕ್ತಿಗೆ ಉತ್ತರವೇ ಇಲ್ಲವೆಂಬಂತೆ ನಮ್ಮವರು ಕೆಲವರು ಬರೆಯುವುದುಂಟು; ಅದು ಸರಿಯಲ್ಲ. ಪ್ರಬಲವಾದ ಉತ್ತರವೊಂದು ನಮ್ಮ ನೆರೆಯಲ್ಲಿಯೇ, ಉಡುಪಿಯಲ್ಲಿ, 13ನೆಯ ಶತಮಾನದಲ್ಲಿ ಹುಟ್ಟಿತು. ಕರ್ಮದ ಸತ್ತೆಯೇ ಹರಿಯ ಅಧೀನವಾದುದರಿಂದ ಕರ್ಮವನ್ನು ಅಪೇಕ್ಷಿಸಿದ ಮಾತ್ರಕ್ಕೆ ಅವನ ಸ್ವಾತಂತ್ರ್ಯಕ್ಕೆ ಹಾನಿಯಿಲ್ಲವೆಂಬುದು ಮಧ್ವಾಚಾರ್ಯರ ನಿಲುವು. ಮಗ್ಗವೂ ನೂಲೂ ನೇಯ್ಗೆಯವನ ಕೈಯೊಳಗೇ ಇವೆಯೆಂದಂತಾಯಿತು. ಹಾಗಾದರೆ ವೈಷಮ್ಯದ ಹೊಣೆಯೂ ಅವನದೇ ಅಲ್ಲವೇ ಎಂಬುದು ಜೈನರ ಪ್ರತಿಪ್ರಶ್ನೆ. ಜೀವರ ಸ್ವಭಾವಭೇದವು ಅನಾದಿಯೆಂದು ದ್ವೈತಿಗಳು ಸಮಾಧಾನ ಹೇಳುವರು. ಅನಾದಿತ್ವವನ್ನು ಅವರು ಜೀವರ ಯೋಗ್ಯತೆಗೆ ಹೇಳಿದರೆ ನಾವು ಲೋಕಕ್ಕೇ ಹೇಳುತ್ತೇವೆ. ವಿವಾದವು ಕೊನೆಗೆ ನಿಲ್ಲುವುದು ಇಲ್ಲಿ.

1980ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸಾಗನ್ ‘ಕಾಸ್ಮಾಸ್’ ಗ್ರಂಥದಲ್ಲಿ ಆದಿಪುರಾಣದ ಈ ಭಾಗದ ಇಂಗ್ಲಿಷ್ ಅನುವಾದವನ್ನು ಎತ್ತಿಕೊಟ್ಟರು. ಆಚಾರ್ಯರ ಮಾತು ದೂರ ಹೋಯಿತೆಂಬುದು ಸಂತೋಷದ ಸಂಗತಿ. ಆದರೆ ಆ ತುಣುಕನ್ನಷ್ಟೇ ಓದಿದವರಿಗೆ ಜಿನಸೇನರು ಕೇವಲ ನಿರೀಶ್ವರವಾದಿಯಾಗಿ ತೋರುವರು. ಅದೇ ಗ್ರಂಥದ 25ನೆಯ ಪರ್ವದ ಜಿನಸಹಸ್ರನಾಮದಲ್ಲಿ ಸ್ವಯಂಭೂ, ಶಂಭು, ಪ್ರಭು ಎಂಬ ನಾಮಗಳಿಂದ ಭಗವಂತನನ್ನು ಸ್ತುತಿಸಿದವರೂ ಅವರೇ. ಜಿನಸೇನರಿಗಿಂತ ಪೂರ್ವದಲ್ಲಿ ಸಮಂತಭದ್ರಸ್ವಾಮಿಗಳೂ ಸ್ವಯಂಭೂಸ್ತೋತ್ರದಲ್ಲಿ ಋಷಭನಾಥನನ್ನು ಪ್ರಜಾಪತಿಯೆಂದು ಕರೆದಿದ್ದಾರೆ. ಜಗತ್ತನ್ನು ಹುಟ್ಟಿಸಿದುದಕ್ಕಾಗಿ ಅಲ್ಲ, ಪ್ರಜೆಗಳಿಗೆ ಕೃಷಿ ಮೊದಲಾದ ಜೀವನೋಪಾಯಗಳನ್ನು ಕಲಿಸಿದುದಕ್ಕಾಗಿ.

ಇಲ್ಲಿ ಅನುವಾದಕರಿಗೂ ಸೂಚಿಕಾರರಿಗೂ ಒಂದು ವಿಜ್ಞಾಪನೆ. ಅನಂತಚತುಷ್ಟಯದ ‘ಅನಂತವೀರ್ಯ’ವನ್ನು ಕನ್ನಡ ತಾತ್ಪರ್ಯಗಳಲ್ಲಿ ‘ಸರ್ವಶಕ್ತ’ನೆಂದು ತಿರುಗಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ, ಹಿಂದೊಮ್ಮೆ ನಾನೇ ಹಾಗೆ ಬರೆದು ಬಳಿಕ ತಿದ್ದಿಕೊಂಡದ್ದೂ ಉಂಟು. ಈ ಪರ್ಯಾಯವು ಆಚಾರ್ಯರು ಮುಂಬಾಗಿಲಿನಲ್ಲಿ ತಡೆದ ಕರ್ತೃವನ್ನು ಹಿತ್ತಿಲಿನಿಂದ ಒಳಗೆ ಕರೆದಂತೆ. ವೀರ್ಯಾಂತರಾಯ ಕರ್ಮದ ಕ್ಷಯದಿಂದ ಪ್ರಕಟವಾಗುವ ಈ ವೀರ್ಯವು ಆತ್ಮನ ಸ್ವಗುಣ. ಅನಂತವಾದ ಜ್ಞಾನದರ್ಶನಗಳಲ್ಲಿ ದಣಿವಿಲ್ಲದೆ ನೆಲೆಸಿರುವ ಸಾಮರ್ಥ್ಯ. ಪರದ್ರವ್ಯವನ್ನು ಹುಟ್ಟಿಸುವ ಅಥವಾ ಅಳಿಸುವ ಅಧಿಕಾರವು ಅದರಲ್ಲಿ ಅಡಗಿಲ್ಲ. ತಾತ್ಪರ್ಯದಲ್ಲಿಯೂ ‘ಅನಂತವೀರ್ಯ’ವೆಂದೇ ಉಳಿಸಿ, ಬೇಕಾದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು.