ರಾಣಿಯ ಮುಸುಕು

ಸಾರಿನ ಒಗ್ಗರಣೆಗೆ ಹಾಕುವ ಇಂಗು ಎಲ್ಲಿಂದ ಬರುತ್ತದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಅಂಗಡಿಯಿಂದ’ ಎಂದಾರು. ಅದೊಂದು ಗಿಡದ ಬೇರನ್ನು ಕೊಯ್ದಾಗ ಒಸರುವ ಹಾಲು. ಒಣಗಿ ಅಂಟಾಗುತ್ತದೆ. ಶತಮಾನಗಳಿಂದ ಅದು ಬಂದಿರುವುದು ಬಹುಪಾಲು ಆಫ್ಘಾನಿಸ್ತಾನ, ಇರಾನುಗಳ ಒಣ ಬೆಟ್ಟಗಳಿಂದ. ಮಡಿಯಲ್ಲಿ ಅಡುಗೆ ಮಾಡುವವರೂ ಕಾಬೂಲಿನ ಕಡೆಯ ಈ ಅಂಟನ್ನು ಮರುಮಾತಿಲ್ಲದೆ ಒಗ್ಗರಣೆಗೆ ಬಿಟ್ಟವರೇ! ಇಷ್ಟು ಬಳಕೆಯ ನಾಡಾದರೂ ಅಲ್ಲಿಯ ಹೆಂಗಸರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಒಂದು ನೀಲಿ ಬುರ್ಖಾ, ಅಷ್ಟೆ. ಅಲ್ಲೊಬ್ಬ ರಾಣಿಯಿದ್ದಳು, ಹೆಸರು ಸೊರಾಯಾ.

ಅವಳು ಹುಟ್ಟಿದ್ದು 1899ರಲ್ಲಿ, ದೂರದ ಡಮಾಸ್ಕಸ್ಸಿನಲ್ಲಿ. ತಂದೆ ಮಹಮೂದ್ ತರ್ಜಿ ದೇಶಭ್ರಷ್ಟನಾಗಿದ್ದ ವಿದ್ವಾಂಸ. ಮರಳಿ ಬಂದು ಕಾಬೂಲಿನಲ್ಲಿ ಪತ್ರಿಕೆ ನಡೆಸಿದವನು. ಸೊರಾಯಾ ಕೈಹಿಡಿದದ್ದು ರಾಜಕುಮಾರ ಅಮಾನುಲ್ಲಾನನ್ನು. 1919ರಲ್ಲಿ ಅವನು ಪಟ್ಟಕ್ಕೆ ಬಂದ. ಅದೇ ವರ್ಷ ಇಂಗ್ಲಿಷರೊಡನೆ ಕಾದು ದೇಶವನ್ನು ಸ್ವತಂತ್ರಗೊಳಿಸಿದ. ರಾಣಿಯನ್ನು ಜೊತೆಗೇ ಸಭೆಗೆ ಕರೆತಂದ. ಕಾಬೂಲಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಹೆಂಗಸರಿಗೆಂದೇ ಒಂದು ಪತ್ರಿಕೆಯೂ ಹೊರಟಿತು; ಅದರ ಹೊಣೆ ಹೊತ್ತವಳು ರಾಣಿಯ ತಾಯಿ ಅಸ್ಮಾ. 1928ರಲ್ಲಿ ಕೆಲವು ಹುಡುಗಿಯರನ್ನು ಓದಲೆಂದು ತುರ್ಕಿಗೂ ಕಳಿಸಿದರು. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ನಾಲ್ಕನೆಯ ಕ್ಲಾಸಿಗೆ ನಿಲ್ಲುತ್ತಿದ್ದ ಕಾಲವದು.

ಅದೇ ವರ್ಷ ದಂಪತಿಗಳು ಯುರೋಪು ಸುತ್ತಿ ಬಂದರು. ರಾಣಿ ಮುಸುಕಿಲ್ಲದೆ ತೆಗೆಸಿಕೊಂಡ ಚಿತ್ರಗಳು ಬೆಟ್ಟದ ಹಳ್ಳಿಗಳಿಗೆ ತಲುಪಿದವು. ನವೆಂಬರಿನಲ್ಲಿ ಶಿನ್ವಾರಿ ಬುಡಕಟ್ಟು ದಂಗೆಯೆದ್ದಿತು. 1929ರ ಜನವರಿಯಲ್ಲಿ ಅಮಾನುಲ್ಲಾ ಸಿಂಹಾಸನ ಬಿಟ್ಟ. ರಾಣಿಯ ಮುಸುಕು ಜಾರಿತು, ರಾಜ್ಯವೂ ಜಾರಿತು ಎಂದು ಕಥೆ ಹೇಳುವವರು ಇಂದಿಗೂ ಇದ್ದಾರೆ.

ನನಗೆ ಈ ಕಥೆ ಒಪ್ಪಿಗೆಯಾಗುವುದಿಲ್ಲ. ಗಂಡಸರ ರಾಜ್ಯ ಮುಳುಗಿದಾಗ ಹೆಣ್ಣೊಬ್ಬಳ ಸೆರಗು ಕಾರಣವಾಗುವುದು ಎಲ್ಲ ದೇಶಗಳ ಹಳೆಯ ರೂಢಿ. ರಾಜ ರೈತರ ಮೇಲೆ ತೆರಿಗೆ ಏರಿಸಿದ್ದ. ಬುಡಕಟ್ಟಿನ ಹಿರಿಯರನ್ನು ಕೇಳದೆ ಹುಡುಗರನ್ನು ಸೈನ್ಯಕ್ಕೆ ಎಳೆಯತೊಡಗಿದ್ದ. ಸಿಪಾಯಿಗಳ ಸಂಬಳವನ್ನೇ ಕಡಿಮೆ ಮಾಡಿದ್ದ! ಮುಲ್ಲಾಗಳ ವರಮಾನಕ್ಕೂ ಕೈಹಾಕಿದ್ದ. ಮೇಲಾಗಿ ಹಿಂದೂಕುಶ್ ಪರ್ವತ ಆ ದೇಶವನ್ನು ನಡುವೆ ಸೀಳಿದೆ. ಚಳಿಗಾಲದಲ್ಲಿ ಹಿಮ ಬಿದ್ದು ಕಣಿವೆ ಕಣಿವೆಗೂ ದಾರಿ ಮುಚ್ಚುತ್ತದೆ. ಸಲಾಂಗ್ ಸುರಂಗ ಕೊರೆದು ಉತ್ತರ–ದಕ್ಷಿಣಗಳಿಗೆ ಚಳಿಗಾಲದ ದಾರಿ ಮಾಡಿದ್ದೇ 1964ರಲ್ಲಿ. ಕಾಬೂಲಿನ ಹೊಸ ಕಾನೂನು ಅಂಥ ಹಳ್ಳಿಗೆ ಗಾಳಿಸುದ್ದಿಯಾಗಿ ಮುಟ್ಟುತ್ತಿತ್ತೇ ಹೊರತು ಶಾಲೆಯಾಗಿ ಅಲ್ಲ, ರಸ್ತೆಯಾಗಿ ಅಲ್ಲ.

ತೆರಿಗೆಯ ಸಿಟ್ಟು ತೀರಿಸಿಕೊಂಡದ್ದು ಮಾತ್ರ ಹುಡುಗಿಯರ ಮೇಲೆ. ಶಾಲೆ ಮುಚ್ಚಿತು. ತುರ್ಕಿಗೆ ಹೋದವರನ್ನು ಹಿಂದಕ್ಕೆ ಕರೆಸಿದರು.

ತುಂಬು ಬಸುರಿ ರಾಣಿ ಗಂಡನೊಡನೆ ಗಡಿ ದಾಟಿ ನಮ್ಮ ಮುಂಬಯಿಗೆ ಬಂದಳು. ಅಲ್ಲೇ 1929ರ ಜೂನಿನಲ್ಲಿ ಹೆಣ್ಣುಮಗು ಹೆತ್ತಳು. ಆಸರೆ ಕೊಟ್ಟ ನೆಲದ ನೆನಪಿಗೆ ಮಗುವಿಗೆ ‘ಇಂಡಿಯಾ’ ಎಂದೇ ಹೆಸರಿಟ್ಟರು. ಅಲ್ಲಿಂದ ಅವರು ರೋಮಿಗೆ ಹೋದರು. ಸೊರಾಯಾ ಮತ್ತೆ ತನ್ನ ನಾಡಿಗೆ ಬಂದದ್ದು 1968ರಲ್ಲಿ, ಶವವಾಗಿ. ಜಲಾಲಾಬಾದಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು.

ಅಷ್ಟರಲ್ಲಿ ಶಾಲೆಗಳು ಮತ್ತೆ ತೆರೆದಿದ್ದವು. 1964ರ ಸಂವಿಧಾನ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತ್ತು. ಮರುವರ್ಷ ಕುಬ್ರಾ ನೂರ್‌ಜಾಯ್ ಮಂತ್ರಿಯೂ ಆದಳು. 1996ರಲ್ಲಿ ತಾಲಿಬಾನರು ಬಂದು ಬಾಗಿಲು ಹಾಕಿದರು, 2001ರ ನಂತರ ತೆರೆಯಿತು, 2021ರಲ್ಲಿ ಆರನೆಯ ತರಗತಿಯಿಂದ ಮೇಲಕ್ಕೆ ಮತ್ತೆ ಮುಚ್ಚಿತು. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು.

ಮುಂಬಯಿಯಲ್ಲಿ ಹುಟ್ಟಿದ ರಾಜಕುಮಾರಿ ಇಂಡಿಯಾ ಇದೆಲ್ಲವನ್ನೂ ದೂರದಿಂದ ನೋಡುತ್ತ ಬದುಕಿ, 2023ರ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ತೀರಿಕೊಂಡಳು. ಆಗ ಅವಳಿಗೆ ತೊಂಬತ್ತನಾಲ್ಕು ವರ್ಷ.