ತರಗು ಬೆಂಕಿ ನಿಂತ ಮೇಲೆ

ಕಾಡಿಗೆ ಬೆಂಕಿ ಬಿದ್ದಾಗ ಜ್ವಾಲೆಯಾಗುವುದು ಕಟ್ಟಿಗೆಯಲ್ಲ, ಕಾದ ಕಟ್ಟಿಗೆ ಹೊರಬಿಡುವ ಅನಿಲ. ಮೊದಲು ತೇವ ಆವಿಯಾಗುತ್ತದೆ, ಎಲೆಯಲ್ಲಿ ಸುಗಂಧ ತೈಲವಿದ್ದರೆ ಅದೂ ಬೇಗ ಹೊರಡುತ್ತದೆ. ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಟ್ಟಿಗೆಯೇ ಒಡೆದು ಉರಿಯುವ ಅನಿಲವಾಗತೊಡಗುತ್ತದೆ. ಸುರಪುರ, ಶಹಾಪುರದ ಕಲ್ಲುಗುಡ್ಡಗಳ ಒಣಹುಲ್ಲಿನಲ್ಲಿ ಉರಿಯುವ ಸರಕು ಕಡಿಮೆ. ಅಲ್ಲಿ ಕಿಡಿ ಬಿದ್ದರೂ ಬೆಂಕಿ ಸರ್ರನೆ ಓಡಿ ಆರುತ್ತದೆ. ದಟ್ಟ ಕಾಡಿನ ಮಾತು ಬೇರೆ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಅಂಥ ಕಾಡಿನಲ್ಲೂ ಸರಕು ಕೂಡಿಬೀಳದಂತೆ ನೋಡಿಕೊಂಡಿದ್ದರು. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ಪಸೆಯಿರುವಾಗಲೇ ಅವರು ಕೊಡುತ್ತಿದ್ದ ತರಗು ಬೆಂಕಿ ಒಣ ಎಲೆಯನ್ನಷ್ಟೇ ತಿಂದು ಮುಂದೆ ಸಾಗುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರದ ರಸ ಹೀರುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಸೋಲಿಗರು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಈ ಬೆಂಕಿ ಅಪರಾಧವಾಯಿತು. ಕಾಡು ಉಳಿಸಲೆಂದು ಮಾಡಿದ ಆ ನಿಷೇಧ ಕಾಡಿನೊಳಗೆ ಉರುವಲನ್ನು ಪೇರಿಸಿಟ್ಟಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಉರುವಲಿನಲ್ಲಿ ಕಾಡಿನ ತುಂಬ ಹಬ್ಬಿದ ಲಂಟಾನ ಪೊದೆಯೂ ಸೇರಿದೆ. ಅದು 19ನೇ ಶತಮಾನದ ಆರಂಭದಲ್ಲೇ ಭಾರತಕ್ಕೆ ಬಂದ ಗಿಡ, ಅದರ ಹಬ್ಬುವಿಕೆಗೆ ನಿಷೇಧವನ್ನೇಕೆ ದೂರಬೇಕು ಎಂದು ಕೇಳಬಹುದು. ಬಂದದ್ದು ಬೇಗ, ನಿಜ. ಆದರೆ ಎಳೆಯ ಸಸಿಗಳನ್ನು ಸುಡುತ್ತಿದ್ದ ಬೆಂಕಿ ನಿಂತ ಮೇಲೆ ಅದು ಪೊದೆಪೊದೆಯಾಗಿ ಬೆಳೆಯಿತು ಎಂಬ ಸೋಲಿಗರ ಮಾತನ್ನು ಪರಿಸರ ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿದ್ದಾರೆ. ಒಣಗಿದ ಪೊದೆ ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುವ ಏಣಿ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಕಿಡಿ ಹೊತ್ತಿಸಿದವರು ಮನುಷ್ಯರೇ ಇರಬಹುದು, ಆದರೆ ಕಿಡಿಗೆ ಅಷ್ಟೊಂದು ಮೇವು ಒದಗಿದ್ದು ಹೇಗೆಂದೂ ಕೇಳಬೇಕಲ್ಲವೇ?

ಇಷ್ಟು ಉರುವಲು ಕಾದಾಗ ಗಿಡದ ಆವಿ ಕೂಡಿಕೊಂಡು ಕಾಡೇ ಸಿಡಿಯುತ್ತದೆ ಎಂಬ ಮಾತೂ ಇದೆ. ಅದನ್ನು ಮಾತ್ರ ಜೋಪಾನವಾಗಿ ಆಡಬೇಕು. ಬಯಲುಗಾಳಿಯಲ್ಲಿ ಆವಿ ಬೇಗ ಚದುರುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಬೆಂಕಿ ಒಮ್ಮೆಲೇ ಭುಗಿಲೇಳುವುದಕ್ಕೆ ಶೇಖರವಾದ ಅನಿಲ ಕಾರಣವೆಂದು ಯುರೋಪಿನ ಕೆಲ ಸಂಶೋಧಕರು ಹೇಳಿದರೆ, ಇಳಿಜಾರು ಮತ್ತು ಬೆಂಕಿಯೇ ಎಬ್ಬಿಸುವ ಗಾಳಿ ಸಾಕೆಂದು ಇತರರು ವಾದಿಸುತ್ತಾರೆ. ಎರಡನೆಯ ವಿವರಣೆಯೇ ನನಗೆ ಗಟ್ಟಿಯೆನಿಸುತ್ತದೆ. ಯಾವುದು ನಿಜವಾದರೂ, ಒಟ್ಟಿಗೆ ಕಾಯುವ ಉರುವಲು ಕಡಿಮೆಯಾದಷ್ಟೂ ಅಪಾಯ ಕಡಿಮೆ. ಹಾಗೆಂದು ಇಂದೇ ತರಗು ಬೆಂಕಿ ಹಚ್ಚುವಂತಿಲ್ಲ. ಬಲಿತ ಲಂಟಾನ ಸುಟ್ಟರೂ ಬುಡದಿಂದ ಚಿಗುರುತ್ತದೆ, ದಟ್ಟ ಪೊದೆಯಲ್ಲಿ ಸಣ್ಣ ಬೆಂಕಿಯೂ ಕೈಮೀರುತ್ತದೆ. ಮೊದಲು ಅದನ್ನು ಬೇರುಸಮೇತ ಕೀಳಬೇಕು. ಆ ಮೇಲೆ ಯಾವ ಇಳಿಜಾರಿಗೆ ಯಾವ ವಾರ ಬೆಂಕಿ ಕೊಡಬೇಕೆಂದು ಅರಣ್ಯ ಇಲಾಖೆ ಸೋಲಿಗ ಹಿರಿಯರನ್ನು ಕೇಳಬೇಕು.