ಮೆಟ್ಟಿನ ಲೆಕ್ಕ

ಬೆಟ್ಟ ಹತ್ತುವವರಿಗೆಂದು ಮಾಡಿದ ಹಗುರ ಶೂ, ಅಂಗಡಿಯವರ ಭಾಷೆಯಲ್ಲಿ ‘ಟ್ರೇಲ್ ಶೂ’, ಕೊಳ್ಳುವುದಕ್ಕೆ ಯೋಗ್ಯವೇ? ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನ ಅಂಗಡಿಗಳಲ್ಲಿ ವಾರದ ಕೊನೆಯಲ್ಲಿ ಈ ಪ್ರಶ್ನೆ ಹಿಡಿದು ನಿಂತ ಹುಡುಗ ಹುಡುಗಿಯರು ಸಿಗುತ್ತಾರೆ. ಜೋಡಿಯೊಂದರ ಬೆಲೆ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಅದು ಸಣ್ಣ ಮೊತ್ತವಲ್ಲ. ಅಂಗಡಿಯಾತ ಶೂವನ್ನು ಅಂಗೈ ಮೇಲಿಟ್ಟು ತೂಗಿ ತೋರಿಸುತ್ತಾನೆ. ‘ನೋಡಿ ಸರ್, ಏನೂ ತೂಕವೇ ಇಲ್ಲ’ ಅನ್ನುತ್ತಾನೆ. ಅವನು ಮಾರುತ್ತಿರುವುದು ಚರ್ಮವನ್ನೂ ಅಲ್ಲ, ಬಟ್ಟೆಯನ್ನೂ ಅಲ್ಲ. ಹಗುರತನವನ್ನು. ಅದು ಯಾವಾಗಿನಿಂದ ಬೆಲೆಯುಳ್ಳ ವಸ್ತುವಾಯಿತು, ನಮ್ಮ ನೆಲದಲ್ಲಿ ಅದಕ್ಕೆ ಎಷ್ಟು ಬೆಲೆ ಕೊಡಬಹುದು ಎಂದು ಕೇಳಿದರೆ ಪ್ರಶ್ನೆ ಅಂಗಡಿಯಿಂದ ಹೊರಬಿದ್ದು ಚರಿತ್ರೆಯೊಳಗೆ ಹೋಗುತ್ತದೆ.

ಮೊದಲು ಪದಗಳನ್ನೇ ನೋಡಬಹುದು. ಪಾದರಕ್ಷೆಗೆ ಹಳಗನ್ನಡದಲ್ಲಿ ‘ಕೆರ್ಪು’ ಎಂಬ ಮಾತಿದೆ. ಮುಂದೆ ಅದು ‘ಕೆರ’ ಆಯಿತು. ತಮಿಳಿನ ‘ಚೆರುಪ್ಪು’, ತೆಲುಗಿನ ‘ಚೆಪ್ಪು’ ಇದರ ಒಡಹುಟ್ಟುಗಳು. ಅಂದರೆ ಕಾಲಿಗೆ ಚರ್ಮ ಕಟ್ಟುವ ವಿದ್ಯೆ ಈ ಭಾಷೆಗಳು ಬೇರೆಬೇರೆಯಾಗುವ ಮೊದಲಿನಿಂದಲೂ ದಕ್ಷಿಣದವರಿಗೆ ಗೊತ್ತಿತ್ತು. ಇನ್ನೊಂದು ಪದ ‘ಮೆಟ್ಟು’. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ತುಳಿಯುವ ಕ್ರಿಯೆಗೂ ತುಳಿಯಲು ಹಾಕಿಕೊಳ್ಳುವ ವಸ್ತುವಿಗೂ ಒಂದೇ ಹೆಸರು.

ಪದವಿತ್ತು ಎಂದ ಮಾತ್ರಕ್ಕೆ ಎಲ್ಲರ ಕಾಲಲ್ಲೂ ಮೆಟ್ಟಿತ್ತು ಎಂದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಬಹುಪಾಲು ಜನ ಬರಿಗಾಲಲ್ಲೇ ಓಡಾಡುತ್ತಾರೆಂದು ಬರೆದ. ಉಳ್ಳವರ ಕಾಲಲ್ಲಿ ಚೂಪು ತುದಿಯ ಜೋಡುಗಳನ್ನೂ, ಬರೀ ಅಟ್ಟೆ ಮತ್ತು ಪಟ್ಟಿಗಳಿಂದಾದ ಮೆಟ್ಟುಗಳನ್ನೂ ಕಂಡ. ಎರಡನೆಯದನ್ನು ಅವನು ಹಳೆಯ ರೋಮನ್ನರ ಪಾದರಕ್ಷೆಗೆ ಹೋಲಿಸಿದ್ದಾನೆ. ಆ ಅಟ್ಟೆ ಮತ್ತು ಪಟ್ಟಿಯ ಜಾಡಿನಲ್ಲೇ ನಮ್ಮ ಇಂದಿನ ಚಪ್ಪಲಿಯೂ ಇದೆ.

ಇನ್ನು ಬೆಟ್ಟ ಹತ್ತುವ ಮಾತು. ನಮ್ಮಲ್ಲಿ ಬೆಟ್ಟವೆಂದರೆ ಹೆಚ್ಚಾಗಿ ದೇವರ ಜಾಗ. ಹಾಗಾಗಿ ಮೆಟ್ಟು ಬೆಟ್ಟದ ಬುಡದಲ್ಲೇ ಉಳಿಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಇಂದಿಗೂ ಮೆಟ್ಟು ಬಿಟ್ಟೇ ಹತ್ತಬೇಕು. ಶಿವರಾತ್ರಿಯ ಹಿಂದಿನ ದಿನಗಳಲ್ಲಿ ಕನಕಪುರ ರಸ್ತೆಯಲ್ಲಿ ನಿಂತರೆ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟವರು ಗುಂಪುಗುಂಪಾಗಿ ಕಾಣುತ್ತಾರೆ. ಬರಿಗಾಲಿನವರಿದ್ದಾರೆ, ಹವಾಯಿ ಚಪ್ಪಲಿಯವರಿದ್ದಾರೆ, ಬಿಸಿಲಿಗೆ ಕಾಯುವ ಟಾರಿಗೆ ಹೆದರಿ ಬರೀ ಕಾಲುಚೀಲ ಹಾಕಿದವರಿದ್ದಾರೆ. ವಾರಾಂತ್ಯದ ಚಾರಣಿಗರಲ್ಲಿ ಹೆಚ್ಚಿನವರು ಇವರಷ್ಟು ದೂರ ನಡೆಯುವುದಿಲ್ಲ. ಆದ್ದರಿಂದ ವಿಶೇಷ ಶೂ ಇಲ್ಲದೆ ಬೆಟ್ಟ ಹತ್ತಲಾಗದು ಎಂಬ ಮಾತನ್ನು ಇಲ್ಲಿಯ ಚರಿತ್ರೆ ಒಪ್ಪುವುದಿಲ್ಲ. ಆದರೆ ಬರಿಗಾಲನ್ನು ಕೊಂಡಾಡುವ ಮೊದಲು ಇನ್ನೊಂದು ಬರಿಗಾಲನ್ನು ನೆನೆಯಬೇಕು. ಅದು ಹರಕೆಯದಲ್ಲ, ಕಟ್ಟಳೆಯದು.

ಮೆಟ್ಟು ಹೊಲಿದವರಿಗೇ ಮೆಟ್ಟು ಹಾಕಿಕೊಂಡು ನಡೆಯುವ ಹಕ್ಕಿರಲಿಲ್ಲ. ಹಳ್ಳಿಯ ಮೇಲ್ಜಾತಿಯ ಕೇರಿ ಬಂತೆಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದ ಕಥನದ ನಡುವೆ ಒಂದು ಜೊತೆ ಪಾದರಕ್ಷೆ ಬಂದು ಕೂತಿರುವುದು ಆಕಸ್ಮಿಕವಲ್ಲ. ಬಸವಣ್ಣ ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದನೆಂಬ ಋಣಕ್ಕೆ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು, ಅದನ್ನು ಮೆಟ್ಟಲು ಬಸವಣ್ಣ ಒಪ್ಪಲಿಲ್ಲ ಎನ್ನುತ್ತದೆ ಪರಂಪರೆ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಆದ ಮದುವೆ ಕಲ್ಯಾಣದ ರಕ್ತಪಾತಕ್ಕೆ ಕಾರಣವಾಯಿತು. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದ ಬಿಕ್ಕಟ್ಟು ಈ ಮದುವೆಯದೇ. ಮಾದಾರ ಚೆನ್ನಯ್ಯನದೆನ್ನುವ ವಚನಗಳ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗುಂಟಗಳು ಬರುತ್ತವೆ. ದೇವರ ಹೆಸರಿರುವ ಜಾಗದಲ್ಲೇ ಚಮ್ಮಾರಿಕೆಯ ಹತ್ಯಾರುಗಳೂ ಇವೆ. ಪಾದರಕ್ಷೆಯ ಬೆಲೆಯ ಬಗ್ಗೆ ಕನ್ನಡದಲ್ಲಿ ಯೋಚಿಸುವವರು ಈ ಅಂಕಿತವನ್ನು ದಾಟಿ ಮುಂದೆ ಹೋಗುವುದು ಕಷ್ಟ.

ಆ ಹತ್ಯಾರುಗಳು ಮಾಡಿದ ವಸ್ತುವನ್ನು ಈಗ ಸ್ವಲ್ಪ ಬಿಚ್ಚಿ ನೋಡೋಣ. ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಚಪ್ಪಲಿಯನ್ನು ಪ್ರಪಂಚ ಕೊಲ್ಹಾಪುರಿ ಎಂದು ಕರೆಯುತ್ತದೆ. ಅದರ ಭೌಗೋಳಿಕ ಗುರುತಿನ ಹಕ್ಕು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರಿಲ್ಲದೆ ಮೆರೆಸಿದಾಗ ಗಲಾಟೆಯಾಗಿ, ಅದು ಭಾರತದ ಕೈಕಸುಬಿನಿಂದ ಪ್ರೇರಿತವೆಂದು ಒಪ್ಪಬೇಕಾಯಿತು. ಇದರ ಚರ್ಮವನ್ನು ಗಿಡಮರಗಳ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡುತ್ತಾರೆ. ಮೊಳೆ ಹೊಡೆಯದೆ ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಹೊಲಿದದ್ದನ್ನು ಬಿಚ್ಚಬಹುದು, ಅಟ್ಟೆ ಸವೆದರೆ ಬದಲಿಸಬಹುದು, ಪಟ್ಟಿ ಹರಿದರೆ ಮತ್ತೆ ಹೊಲಿಯಬಹುದು. ಒಣನೆಲದ ಬಯಲುಸೀಮೆಗೆ ಹೇಳಿ ಮಾಡಿಸಿದ ವಸ್ತು. ಒದ್ದೆ ಬಂಡೆಯ ಮೇಲೆ ಮಾತ್ರ ಜಾರುತ್ತದೆ, ಮಲೆನಾಡಿನ ಮಳೆಯಲ್ಲಿ ನೀರು ಕುಡಿದು ಊದಿಕೊಳ್ಳುತ್ತದೆ. ಎಲ್ಲ ನೆಲಕ್ಕೂ ಒಂದೇ ಮೆಟ್ಟು ಎಂಬುದು ಹಿಂದೆಯೂ ಇರಲಿಲ್ಲ.

ಬೆಟ್ಟಕ್ಕೆಂದೇ ಮಾಡಿದ ಪಾದರಕ್ಷೆಯ ಕತೆ ಶುರುವಾಗುವುದು ಯುರೋಪಿನ ಆಲ್ಪ್ಸ್‌ನಲ್ಲಿ. ಅಲ್ಲಿ ಹಿಮ, ಚಳಿ, ಚೂಪುಗಲ್ಲು. ದಪ್ಪ ಚರ್ಮದ, ಕಣಕಾಲು ಮುಚ್ಚುವ, ಅಡಿಯಲ್ಲಿ ಕಬ್ಬಿಣದ ಮೊಳೆ ಹೊಡೆದ ಬೂಟು ಅಲ್ಲಿಗೆ ಬೇಕಿತ್ತು. ಬಂಡೆ ಹತ್ತುವಾಗ ಅದನ್ನು ಕಳಚಿ ಮೆತ್ತನೆಯ ತೆಳು ಶೂ ಹಾಕಿಕೊಳ್ಳುವುದು ರೂಢಿ. 1935ರಲ್ಲಿ ಪುಂಟಾ ರಾಸಿಕಾ ಎಂಬ ಶಿಖರದಲ್ಲಿ ಹವಾಮಾನ ಕೆಟ್ಟು ಆರು ಜನ ಇಟಲಿಯ ಪರ್ವತಾರೋಹಿಗಳು ಸತ್ತರು. ಅವರ ಸಂಗಾತಿ ವಿಟಾಲೆ ಬ್ರಾಮಾನಿ ಈ ಸಾವುಗಳಿಗೆ ಕಾಲಿನ ಅಸಮರ್ಪಕ ಮೆಟ್ಟೂ ಕಾರಣವೆಂದು ತಿಳಿದ. ಟೈರು ಮಾಡುವ ಪಿರೆಲ್ಲಿ ಕಂಪನಿಯ ನೆರವಿನಿಂದ 1937ರಲ್ಲಿ ದಪ್ಪ ಹಲ್ಲುಗಳಿರುವ ರಬ್ಬರ್ ಅಟ್ಟೆಯನ್ನು ತಂದ. ಅವನ ಹೆಸರಿನ ಎರಡು ತುಂಡು ಸೇರಿ ಆದದ್ದೇ ವಿಬ್ರಾಮ್. ಇಂದು ಟ್ರೇಲ್ ಶೂಗಳ ಅಡಿಯಲ್ಲಿ ಕಾಣುವ ಹಲ್ಲುಗಳೆಲ್ಲ ಆ ಆರು ಸಾವುಗಳ ನಂತರ ಬಂದವು. ಟೈರಿನ ರಬ್ಬರು ಕಾಲಿಗೆ ಬರುವುದು ನಮಗೂ ಹೊಸದಲ್ಲ. ಹಳೆಯ ಟೈರು ಕತ್ತರಿಸಿ ಮಾಡಿದ ಚಪ್ಪಲಿ ನಮ್ಮ ಕೂಲಿಗಳ, ಗಾಡಿಯವರ ಕಾಲಲ್ಲಿ ಬಹುಕಾಲ ಸವೆದಿದೆ.

ಬೂಟು ಭಾರವಾಗಿರಲೇಬೇಕೆಂಬ ನಂಬಿಕೆಯನ್ನು ಅಲುಗಿಸಿದವರಲ್ಲಿ ಒಬ್ಬಳು ಅಜ್ಜಿ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ತನ್ನ 67ನೇ ವಯಸ್ಸಿನಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಕಾಲುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ, ಕಾಲಿಗೆ ನಮ್ಮ ಶಾಲೆಯ ಡ್ರಿಲ್ ಶೂ ಥರದ ಕ್ಯಾನ್ವಾಸ್ ಶೂ. ಅದೇ 1955ರಲ್ಲಿ ಭಾರತದ ಸಂಸತ್ತು ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯನ್ನು ತಂದಿತು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಪಕ್ಕಪಕ್ಕ ಇಟ್ಟರೆ ಒಂದು ಮಾತು ಕಾಣುತ್ತದೆ. ಒಂದು ಕಡೆ ಯಾವ ಶೂ ಹಾಕಬೇಕು ಎಂಬ ಪ್ರಶ್ನೆ, ಇನ್ನೊಂದು ಕಡೆ ಸಾರ್ವಜನಿಕ ದಾರಿಯಲ್ಲಿ ಎಲ್ಲರೂ ಸಮಾನವಾಗಿ ನಡೆಯಬಹುದೇ ಎಂಬ ಪ್ರಶ್ನೆ. ನಮ್ಮಲ್ಲಿ ಎರಡನೆಯದು ಇನ್ನೂ ಮುಗಿದಿಲ್ಲ. ದಲಿತರಿಗೆ ಚಪ್ಪಲಿ ಹಾರ ಹಾಕುವುದನ್ನು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಸರು ಹಿಡಿದು ಅಪರಾಧವೆಂದು ಸೇರಿಸಬೇಕಾಗಿ ಬಂದದ್ದು 2015ರ ತಿದ್ದುಪಡಿಯಲ್ಲಿ.

1970ರ ದಶಕದಿಂದೀಚೆಗೆ ಓಟದ ಶೂಗಳಿಗೆ ಬಂದ ಇವಿಎ ಎಂಬ ಹಗುರ ನೊರೆಪದರ ಮುಂದೆ ಬೆಟ್ಟದ ಶೂಗಳಿಗೂ ಬಂತು. ಟ್ರೇಲ್ ಶೂ ಎಂದರೆ ಇಷ್ಟೇ: ಮೇಲೆ ಜಾಳಿಗೆಯ ಬಟ್ಟೆ, ನಡುವೆ ಈ ನೊರೆಪದರ, ಅಡಿಯಲ್ಲಿ ಬ್ರಾಮಾನಿಯ ಹಲ್ಲು, ಎಲ್ಲವನ್ನೂ ಹಿಡಿದಿಡಲು ಹೊಲಿಗೆಯ ಬದಲು ಅಂಟು.

ಹಗುರತನದಿಂದ ನಿಜಕ್ಕೂ ಲಾಭವಿದೆಯೇ? ಇದೆ. ಕಾಲಿಗೆ ಕಟ್ಟಿದ ಒಂದು ಪೌಂಡು ಬೆನ್ನಿಗೆ ಹೊತ್ತ ಐದು ಪೌಂಡಿಗೆ ಸಮ ಎಂಬುದು ಪರ್ವತಾರೋಹಿಗಳ ಹಳೆಯ ಲೆಕ್ಕ. ಮುಂದೆ ಸೈನಿಕರ ಬೂಟುಗಳ ಮೇಲೆ ನಡೆದ ಪ್ರಯೋಗಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದವು. ಕಾರಣ ಸರಳ. ಬೆನ್ನಿನ ಚೀಲ ಒಂದೇ ಎತ್ತರದಲ್ಲಿ ಮುಂದೆ ಸಾಗುತ್ತದೆ. ಪಾದವನ್ನು ಮಾತ್ರ ಪ್ರತಿ ಹೆಜ್ಜೆಗೂ ಎತ್ತಬೇಕು, ಬೀಸಬೇಕು, ನಿಲ್ಲಿಸಬೇಕು. ಇಪ್ಪತ್ತು ಕಿಲೋಮೀಟರು ನಡೆದರೆ ಒಂದೊಂದು ಕಾಲು ಸುಮಾರು 14,000 ಸಲ ಮೇಲೇಳುತ್ತದೆ. ಒಂದು ಶೂವಿನಲ್ಲಿ 350 ಗ್ರಾಂ ಕಡಿಮೆಯಾದರೆ ಆ ಕಾಲು ಒಟ್ಟು ಹತ್ತಿರಹತ್ತಿರ ಐದು ಟನ್ ಎತ್ತುವುದು ಉಳಿಯುತ್ತದೆ. ಅಂಗಡಿಯಾತ ಅಂಗೈ ಮೇಲೆ ತೋರಿಸುವುದು ಸುಳ್ಳಲ್ಲ.

ನಮ್ಮ ನೆಲವೂ ಇದಕ್ಕೆ ಅಡ್ಡಿಯಿಲ್ಲ. ದಕ್ಷಿಣ ಬೆಂಗಳೂರಿನವರ ಮೊದಲ ಬೆಟ್ಟಗಳೆಂದರೆ ಬನಶಂಕರಿ ಆರನೇ ಹಂತದ ಪಕ್ಕದ ತುರಹಳ್ಳಿ ಗುಡ್ಡ, ಆಮೇಲೆ ರಾಮನಗರ, ಸಾವನದುರ್ಗ. ಲಾಲ್‌ಬಾಗಿನ ಬಂಡೆಯನ್ನೂ ಸೇರಿಸಿದರೆ ಇದೆಲ್ಲ ಕೋಟ್ಯಂತರ ವರ್ಷ ಹಳೆಯ ಗಟ್ಟಿಕಲ್ಲು. ಹಿಮವಿಲ್ಲ, ಕೊರೆಯುವ ಚಳಿಯಿಲ್ಲ. ಆಲ್ಪ್ಸ್ ಬೂಟಿನ ದಪ್ಪ ಚರ್ಮಕ್ಕೆ ಇಲ್ಲಿ ಕೆಲಸವಿಲ್ಲ. ಸಾವನದುರ್ಗದ ಓರೆಬಂಡೆಯ ಮೇಲೆ ಬೇಕಾದದ್ದು ಕಲ್ಲನ್ನು ಕಚ್ಚುವ ಮೆತ್ತನೆ ರಬ್ಬರು, ಬಾಗುವ ಅಟ್ಟೆ. ಕುಮಾರಪರ್ವತ, ಕುದುರೆಮುಖದ ಮಳೆಗಾಲಕ್ಕೆ ‘ನೀರು ಹೋಗದ’ ಶೂ ಎಂದು ಹೆಚ್ಚು ದುಡ್ಡು ಕೊಡುವುದೂ ವ್ಯರ್ಥ. ಅಲ್ಲಿ ನೀರು ಬರುವುದು ಬಟ್ಟೆಯ ಮೂಲಕವಲ್ಲ, ಮೇಲಿನ ಬಾಯಿಂದ. ಒಳಗೆ ಹೋದ ನೀರು ಆಮೇಲೆ ಹೊರಗೂ ಬರುವುದಿಲ್ಲ. ಜಾಳಿಗೆ ಶೂ ನೆನೆದರೂ ಬೇಗ ಬಸಿಯುತ್ತದೆ. ಇಂಬಳಕ್ಕೆ ಉದ್ದ ಕಾಲುಚೀಲವೇ ಮದ್ದು. ಬೆನ್ನಿಗೆ ಹದಿನೈದು ಕಿಲೋ ಹೊರುವವರಿಗೆ, ಹಿಮಾಲಯಕ್ಕೆ ಹೋಗುವವರಿಗೆ ಲೆಕ್ಕ ಬೇರೆ.

ಹಾಗಾದರೆ ಕೊಳ್ಳಬೇಕೇ? ಇಲ್ಲಿ ಆಯಸ್ಸಿನ ಪ್ರಶ್ನೆ ಬರುತ್ತದೆ. ನೊರೆಪದರ ಸುಮಾರು 500ರಿಂದ 800 ಕಿಲೋಮೀಟರಿಗೆ ಚಪ್ಪಟೆಯಾಗುತ್ತದೆ ಎಂಬುದು ಬಳಸುವವರ ಸಾಮಾನ್ಯ ಅಂದಾಜು. 700 ಎಂದಿಟ್ಟರೆ 7,000 ರೂಪಾಯಿಯ ಶೂವಿಗೆ ಕಿಲೋಮೀಟರಿಗೆ ಹತ್ತು ರೂಪಾಯಿ. ಬೆಂಗಳೂರಿನ ಆಟೋ ಮೀಟರು 2025ರ ಆಗಸ್ಟಿನಿಂದ ಕಿಲೋಮೀಟರಿಗೆ 18 ರೂಪಾಯಿ ತೋರಿಸುತ್ತಿದೆ. ತಿಂಗಳಿಗೊಂದು ಬೆಟ್ಟ ಹತ್ತುವವರಿಗೆ ಇದು ದುಬಾರಿಯಲ್ಲ, ಮೂರು ವರ್ಷದಲ್ಲಿ ದುಡ್ಡು ಸಂದಾಯವಾಗುತ್ತದೆ. ವರ್ಷಕ್ಕೆ ಎರಡೇ ಸಲ ಹೋಗುವವರು ಐದು ವರ್ಷದಲ್ಲಿ ನಡೆಯುವುದು 200 ಕಿಲೋಮೀಟರು. ಅಷ್ಟರಲ್ಲಿ ಪೆಟ್ಟಿಗೆಯಲ್ಲಿದ್ದಲ್ಲೇ ಅಂಟು ಬಿಡಲು ಶುರುವಾಗುತ್ತದೆ, ನಮ್ಮ ತೇವದ ಹವೆಯಲ್ಲಿ ಇನ್ನೂ ಬೇಗ. ಅವರಿಗೆ ಕಿಲೋಮೀಟರಿಗೆ 35 ರೂಪಾಯಿ ಬಿತ್ತು. ದಿನವೂ ಆಫೀಸಿಗೆ, ಕಾಲೇಜಿಗೆ ಹಾಕಿ ವಸೂಲಿ ಮಾಡುತ್ತೇವೆ ಎಂದರೆ ಹಲ್ಲುಗಳು ಜಯನಗರದ ಕಾಂಕ್ರೀಟಿನಲ್ಲೇ ಸವೆದು ಬೆಟ್ಟಕ್ಕೆ ಉಳಿಯುವುದಿಲ್ಲ.

ಅಥಣಿಯ ಚಪ್ಪಲಿಗೂ ಈ ಶೂವಿಗೂ ಇರುವ ದೊಡ್ಡ ವ್ಯತ್ಯಾಸ ತೂಕದ್ದಲ್ಲ. ಒಂದನ್ನು ಮತ್ತೆ ಹೊಲಿಯಬಹುದು, ಇನ್ನೊಂದನ್ನು ಬಿಸಾಡಬೇಕು. ಚಪ್ಪಟೆಯಾದ ನೊರೆಯನ್ನು ಯಾರೂ ಮತ್ತೆ ಉಬ್ಬಿಸಲಾರರು. ಹಗುರತನದ ನಿಜವಾದ ಬೆಲೆ ಇದೇ. ಆದರೂ ಒಂದು ದಾರಿ ಇದೆ, ಬೆಂಗಳೂರಿನ ಹಳೆಯ ಚಾರಣಿಗರಿಗೆ ಗೊತ್ತಿರುವುದು. ಹೊಸ ಶೂವನ್ನು ಬೆಟ್ಟಕ್ಕೆ ಒಯ್ಯುವ ಮೊದಲು ರಸ್ತೆ ಬದಿಯ ಚಮ್ಮಾರರ ಹತ್ತಿರ ಕೊಟ್ಟು ಅಟ್ಟೆಯ ಅಂಚಿನುದ್ದಕ್ಕೂ ಹೊಲಿಗೆ ಹಾಕಿಸುವುದು. ಅಂಟು ಬಿಟ್ಟರೂ ಹೊಲಿಗೆ ಹಿಡಿದಿರುತ್ತದೆ, ಗುಡ್ಡದ ನಡುವೆ ಅಟ್ಟೆ ಬಾಯಿಬಿಡುವುದಿಲ್ಲ. 1976ರಲ್ಲಿ ಸ್ಥಾಪನೆಯಾದ ಲಿಡ್ಕರ್ ನಿಗಮ ಕೊಟ್ಟ ಪುಟ್ಟ ಪೆಟ್ಟಿಗೆ ಅಂಗಡಿಗಳಲ್ಲೋ, ಹೊಂಗೆಮರದ ನೆರಳಲ್ಲೋ ಇವರು ಸಿಗುತ್ತಾರೆ. ಕೈಯಲ್ಲಿ ಅದೇ ಉಳಿ, ಅದೇ ಕತ್ತಿ.

ನನ್ನ ತೀರ್ಮಾನ ಇಷ್ಟು. ತಿಂಗಳಿಗೊಮ್ಮೆಯಾದರೂ ಬೆಟ್ಟಕ್ಕೆ ಹೋಗುವವರು ಹಗುರ ಶೂ ಕೊಳ್ಳಿ. ನೀರು ತಡೆಯುವ ಪೊರೆ ಬೇಡ, ಅಟ್ಟೆಯ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ, ಸಂಜೆ ಕಾಲು ಊದಿರುವಾಗ ಹಾಕಿ ನೋಡಿ, ಇಳಿಜಾರಿನಲ್ಲಿ ಬೆರಳು ಮುಂದೆ ತಾಗದಷ್ಟು ಜಾಗವಿರಲಿ. ವರ್ಷಕ್ಕೆರಡು ಸಲದವರಿಗೆ ಹಲ್ಲಿರುವ ಸಾದಾ ಶೂ ಸಾಕು, ಎಮ್ಮಾ ಅಜ್ಜಿ ಅದಕ್ಕೂ ಕಡಿಮೆಯದರಲ್ಲಿ ನಡೆದಳು. ಎರಡರಲ್ಲಿ ಯಾವುದನ್ನು ಕೊಂಡರೂ ಮೊದಲ ಹೊಲಿಗೆ ಚಮ್ಮಾರರಿಂದ ಹಾಕಿಸಿ. ಅಂಗಡಿಯಲ್ಲಿ 7,000 ಎಂದಾಗ ಮಾತಾಡದೆ ಕೊಟ್ಟವರು ಅಲ್ಲಿ ಚೌಕಾಸಿಗೆ ನಿಲ್ಲಬೇಡಿ.